ದೇವಾಪುರದ ಗೇಟಿಗೆ ಬಾರದ ಹುಕುಂ

ದೇವಕಮ್ಮ ಊಟಕ್ಕೆ ಏಳುವವಳಿದ್ದಳು. ಗಂಡ ಅಂಬ್ರಪ್ಪ ಮಾಸ್ತರನ ಫೋನು ಬಂತು. ಕಟ್ ಮಾಡಿ, ಕನ್ನಡಕ ತೆಗೆದಿಟ್ಟು, ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲು ದಾಟುವ ಮೊದಲೇ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಕಾಲುವೆ ಗೇಟಿನ ಇಲೆಕ್ಟ್ರಿಶಿಯನ್ ಮನ್ಸೂರಅಲಿ.

"ಅಕ್ಕಾರ, ದೇವಾಪುರದ ಗೇಟ್ ಎದ್ದಿಲ್ರಿ."

"ಎದ್ದಿಲ್ಲ ಅಂದ್ರ? ಹೊತ್ತು ನೆತ್ತಿಮ್ಯಾಲ ಬಂದದಲ್ಲೋ!"

"ನನಗ್ಯಾಕ ಬೈತೀರಿ? ಮೋಟಾರ್ ತಯಾರ್ ಅದ, ಕರೆಂಟ್ ಅದ, ಗ್ರೀಸ್ ಹಚ್ಚೇನಿ. ಮ್ಯಾಲಿಂದ ಹುಕುಂ ಬಂದಿಲ್ಲ. ಹುಕುಂ ಇಲ್ದ ಅದು ಹ್ಯಾಂಗ ಏಳ್ತದ?"

"ಇನ್ನಾ ಬೈದಿಲ್ಲೋ. ಬೈಯೋದು ಮುಂದದ."

ಚಪ್ಪಲಿ ಕಳಚಿ ಮತ್ತೆ ಕುರ್ಚಿಗೆ ಬಂದಳು. ಊಟ ಅಲ್ಲಿಗೆ ಮುಗಿಯಿತು.

ಸುರಪುರದ ಕಾಲುವೆ ನೀರು ಬಳಕೆದಾರರ ಒಕ್ಕೂಟದಲ್ಲಿ ಕಂಪ್ಯೂಟರ್ ಕೋಣೆ ಅವಳದು. ಟೈಪಿಸ್ಟಾಗಿ ಸೇರಿದ್ದಳು. ಟೈಪ್ ಯಂತ್ರ ಹೋಗಿ ಕಂಪ್ಯೂಟರ್ ಬಂತು, ಕಂಪ್ಯೂಟರಿಗೆ ಗೇಟುಗಳನ್ನು ಕಟ್ಟಿದರು. ಬಂದದ್ದನ್ನೆಲ್ಲ ಅವಳು ಜಗಳವಾಡುತ್ತಲೇ ಕಲಿತಳು. ಯಂತ್ರ ಕೆಟ್ಟರೆ ಯಂತ್ರಕ್ಕೇ ಬೈಯುವವಳು. ಬೈದು ಮುಗಿಸಿದ ಮೇಲೆ ರಿಪೇರಿಗೆ ಕೂರುತ್ತಿದ್ದಳು.

ವ್ಯವಸ್ಥೆ ಇಷ್ಟೇ. ಯಾದಗಿರಿಯಲ್ಲಿ ಪಾಳಿ ಹಚ್ಚುವ ಯಂತ್ರವಿದೆ. ಯಾವ ಊರಿಗೆ ಯಾವಾಗ ನೀರು ಎಂದು ಅದು ಹೇಳುತ್ತದೆ. ಕಾಲುವೆಯ ಮೇಲೆ ಗೇಟಿನ ಮೋಟಾರಿದೆ. ಇವೆರಡರ ಜೊತೆ ಒಂದು ಫೋನ್ ಕಂಪನಿಯ ಸೇವೆಯೂ ಉಂಟು. ಗೇಟು ಎತ್ತುವ ಮೊದಲು ಆ ತೂಬಿನ ಮುಖಂಡರಿಗೆ ಅದು ಕರೆ ಮಾಡಿ, ಹೊಲಗಾಲುವೆ ಸಜ್ಜಾಗಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು ಒತ್ತಿ ಎಂದು ಕೇಳುತ್ತದೆ. ಸಜ್ಜಿಲ್ಲದ ಕಡೆ ನೀರು ಬಿಟ್ಟರೆ ಒಡ್ಡು ಒಡೆದು ಬೆಳೆ ತೇಲಿಹೋಗುತ್ತದೆ, ಅದಕ್ಕೇ ಈ ಕೇಳಾಟ. ಆದರೆ ಈ ಮೂರೂ ಬೇರೆ ಬೇರೆ ಕಂಪನಿಯವು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ನಡುವೆ ಕೂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುವ ತಂತ್ರಾಂಶ ದೇವಕಮ್ಮನ ಕೋಣೆಯಲ್ಲಿತ್ತು. ಕಾಗದಪತ್ರದಲ್ಲಿ ಅದಕ್ಕೆ ಮಿಡಲ್‌ವೇರ್ ಎಂದು ಹೆಸರು. ದೇವಕಮ್ಮ ದಲ್ಲಾಳಿ ಎನ್ನುತ್ತಿದ್ದಳು. ಕೆಂಭಾವಿಯ ಸಂತೆಯಲ್ಲಿ ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನಲ್ಲ, ಅವನ ಕೆಲಸವೇ ಇದಕ್ಕೂ.

ದೇವಾಪುರದ್ದು ಉಪಕಾಲುವೆಯ ಕಟ್ಟಕಡೆಯ ತೂಬು. ಈ ಸುತ್ತಿನಲ್ಲಿ ಅದಕ್ಕೆ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಪಾಳಿ. ಹೊತ್ತು ಮುಳುಗಿದರೆ ನೀರು ಕೆಂಭಾವಿ ಕಡೆಗೆ ತಿರುಗುತ್ತದೆ, ಮತ್ತೆ ಮುಂದಿನ ಸುತ್ತಿನವರೆಗೆ ಇಲ್ಲ. ಹೊಲದಲ್ಲಿ ಮೆಣಸಿನ ಗಿಡ ಹೂವು ಹಿಡಿದು ನಿಂತಿದ್ದವು. ಒಂದು ಸುತ್ತು ತಪ್ಪಿದರೆ ಹೂವೆಲ್ಲ ನೆಲಕ್ಕೆ.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ದೇವಾಪುರ ದೇವಕಮ್ಮನ ತವರು. ಮೊದಲೆಲ್ಲ ಗೇಟು ಎತ್ತುವುದೆಂದರೆ ಹಾರೆ ಹಾಕಿ ಮೀಟುವುದು. ರಟ್ಟೆ ಗಟ್ಟಿಯಿದ್ದ ಮೇಲಿನ ಊರವರಿಗೆ ನೀರು, ಕೆಳಗಿನವರಿಗೆ ಕಾಲುವೆಯ ಕೆಸರು. "ಹಾರಿ ಬಿಡ್ರಿ, ಗೇಟಿಗಿ ಬೀಗ ಹಾಕ್ರಿ, ನಿಮ್ಮ ಪಾಳಿ ಬಂದಾಗ ಅದು ತಾನೇ ಏಳ್ತದ, ಏಳದಿದ್ರ ನನ್ನ ಕೇಳ್ರಿ" ಎಂದು ಊರವರ ಮುಂದೆ ಎದೆ ತಟ್ಟಿ ಹೇಳಿ ಬೀಗ ಹಾಕಿಸಿದ್ದು ದೇವಕಮ್ಮ. ಇವತ್ತು ಅವರೇ ಆ ಬೀಗ ಒಡೆದರೆ ನಾಳೆ ಮೇಲಿನ ಊರವರೂ ಒಡೆಯುತ್ತಾರೆ. ಆಮೇಲೆ ಮತ್ತೆ ಹಾರೆಯದೇ ರಾಜ್ಯ.

ಮೊದಲು ಯಾದಗಿರಿಗೆ ಹಚ್ಚಿದಳು. ಪಾಳಿ ಯಂತ್ರದ ಮರಿಲಿಂಗಪ್ಪ ಎತ್ತಿದ.

"ನಮ್ಮ ಕಡಿ ಎಲ್ಲಾ ಬರಾಬರ್ ಅದರೀ ಬಾಯಾರ. ಮುಂಜಾನೇನೇ ಕಳಿಸೇವಿ."

"ನಿಮ್ಮ ಕಡಿ ಯಾವತ್ತ ಬರಾಬರ್ ಇರಲ್ಲ ಅದನ್ನ ಹೇಳ್ರಿ. ಛಾವಣಿ ತಲಿಮ್ಯಾಲ ಬಿದ್ರೂ ನೀವು ಬರಾಬರ್ ಅಂತೀರಿ."

"ಬಿದ್ರ ಹೇಳ್ತೀವ್ರಿ," ಎಂದ ಮರಿಲಿಂಗಪ್ಪ, ಒಂದಿಷ್ಟೂ ಬೇಸರವಿಲ್ಲದೆ.

ಆಮೇಲೆ ಹೈದರಾಬಾದಿನಲ್ಲಿದ್ದ ಫೋನ್ ಕಂಪನಿಯ ಅಯ್ಯಪ್ಪ. ಗುರುಮಠಕಲ್ ಕಡೆಯವನು, ಮಾತು ಮೆತ್ತಗೆ. "ಅಕ್ಕಾ, ನಮ್ಮ ಕಡಿ ಏನೂ ತೊಂದ್ರಿ ಇಲ್ರಿ. ಕರೆ ಹೋಗ್ಯದ, ಉತ್ತರ ಬಂದದ, ನಿಮಗ ಕಳಿಸೇವಿ."

ಗೇಟಿನವನ ಕಡೆ ಸರಿ, ಯಾದಗಿರಿಯ ಕಡೆ ಸರಿ, ಫೋನಿನವನ ಕಡೆ ಸರಿ. ಎಲ್ಲರೂ ಸರಿ, ಗೇಟು ಮಾತ್ರ ಕೆಳಗೆ. ಹಾಗಾದರೆ ನಡುವೆ ಕೂತವನನ್ನೇ ಹಿಡಿಯಬೇಕು. "ಬಾರೋ ಮಗನ" ಎಂದು ದೇವಕಮ್ಮ ದಲ್ಲಾಳಿಯ ಹೊಟ್ಟೆ ತೆರೆದಳು.

ಯಾದಗಿರಿಯ ಹುಕುಂ ಬಂದಿತ್ತು. ಫೋನಿನವನಿಗೆ ಪ್ರಶ್ನೆ ಹೋಗಿತ್ತು. ಉತ್ತರವೂ ಬಂದಿತ್ತು. ಉತ್ತರವೇನೆಂದರೆ: ಬೇಡ.

ನೀರು ಬೇಡ ಎಂದು ಉತ್ತರ ಬಂದದ್ದರಿಂದ ದಲ್ಲಾಳಿ ಆ ಹುಕುಮನ್ನು ಗೇಟಿಗೆ ಕಳಿಸದೆ ತಿರಸ್ಕೃತ ಸಂದೇಶಗಳ ಸಾಲಿಗೆ ದೂಡಿತ್ತು. ಆ ಸಾಲಿಗೆ ದೇವಕಮ್ಮ ಹಾಳುಬಾವಿ ಎನ್ನುತ್ತಿದ್ದಳು. ಅದರಲ್ಲಿ ಬಿದ್ದ ಹುಕುಂ ತಾನಾಗಿ ಮೇಲೆ ಬರುವುದಿಲ್ಲ, ಯಾರಾದರೂ ಇಳಿದು ಎತ್ತಬೇಕು.

ಅವಳಿಗೆ ನಂಬಿಕೆಯೇ ಆಗಲಿಲ್ಲ. ದೇವಾಪುರದ ತೂಬಿಗೆ ಮುಖಂಡಳು ತಿಮ್ಮವ್ವ. ಊರಿನ ಲೆಕ್ಕದಲ್ಲಿ ದೇವಕಮ್ಮನಿಗೆ ಚಿಗವ್ವ, ಅಂದರೆ ಚಿಕ್ಕಮ್ಮ. ಒಂದು ಹನಿ ನೀರಿಗಾಗಿ ಮೇಲಿನ ಊರಿನ ಗಂಡಸರ ಮುಂದೆ ಗುದ್ದಲಿ ಹಿಡಿದು ನಿಂತವಳು. ಅವಳು ನೀರು ಬೇಡ ಎನ್ನುವುದೇ?

ತಿಮ್ಮವ್ವನಿಗೆ ಫೋನು ಹಚ್ಚಿದಳು. ರಿಂಗಾಯಿತು, ಕಟ್ಟಾಯಿತು. ಮತ್ತೆ ಹಚ್ಚಿದಳು. ಮತ್ತೆ ಕಟ್ಟಾಯಿತು.

"ಸಿಟ್ಟು ಬಂದದ ಮುದುಕಿಗಿ," ಎಂದು ದೇವಕಮ್ಮ ಫೋನನ್ನು ಮೇಜಿಗೆ ಕುಕ್ಕಿದಳು. "ಸಿಟ್ಟು ನನಗೂ ಬರ್ತದ. ಸಿಟ್ಟಿಗಿ ಗೇಟ್ ಏಳತದೇನು?"

ಹಾಳುಬಾವಿಯನ್ನು ಇನ್ನಷ್ಟು ಕೆದಕಿದಳು. ದೇವಾಪುರದ್ದು ಒಂದೇ ಅಲ್ಲ. ಅದೇ ದಿನ ಕರೆ ಹೋದ ಟೇಲೆಂಡಿನ, ಅಂದರೆ ಕಾಲುವೆಯ ಕೊನೆಯ ಭಾಗದ, ಬೇರೆ ತೂಬುಗಳ ಹುಕುಮುಗಳೂ ಅಲ್ಲೇ ಬಿದ್ದಿದ್ದವು. ಎಲ್ಲದರ ಮೇಲೂ ಬೇಡ, ಬೇಡ, ಬೇಡ. ಮೇಲಿನ ಊರುಗಳ ಗೇಟುಗಳು ಮಾತ್ರ ಸರಾಗ ಎದ್ದಿದ್ದವು.

ದೇವಕಮ್ಮ ನೆಟ್ಟಗೆ ಕೂತಳು. ಹೊಟ್ಟೆಯ ಹಸಿವು ಮರೆತುಹೋಯಿತು. ಒಬ್ಬ ತಿಮ್ಮವ್ವ ಸಿಟ್ಟಾಗಬಹುದು. ಟೇಲೆಂಡಿನ ಊರುಗಳೆಲ್ಲ ಒಟ್ಟಿಗೇ ನೀರು ಬೇಡ ಎನ್ನುವುದು ಈ ಕಾಲುವೆ ಹರಿದಾಗಿನಿಂದ ನಡೆದಿಲ್ಲ. ತಪ್ಪು ಜನರದ್ದಲ್ಲ, ಜನರ ಮಾತನ್ನು ದಲ್ಲಾಳಿ ತಿಳಿದುಕೊಂಡ ರೀತಿಯದು. ಕಳ್ಳನ ಹೆಜ್ಜೆ ಸಿಕ್ಕಿತ್ತು.

ಮೇಲಿನವರಿಗೂ ಕೆಳಗಿನವರಿಗೂ ಏನು ವ್ಯತ್ಯಾಸ? ಮೇಲಿನ ಊರುಗಳಿಗೆ ಪ್ರಶ್ನೆ ಇನ್ನೂ ಹಳೆಯ ಹಾಗೆ ಮೆಸೇಜಿನಲ್ಲೇ ಹೋಗುತ್ತಿತ್ತು. ಟೇಲೆಂಡಿಗೆ ಮಾತ್ರ ಈ ಸುತ್ತಿನಿಂದ ಕರೆ. "ಮೆಸೇಜ್ ಓದಾಕ ಬರಂಗಿಲ್ಲ, ಬಾಯಿಲೆ ಕೇಳ್ರಿ" ಎಂದು ತಿಮ್ಮವ್ವನಂಥವರೇ ಕೇಳಿಕೊಂಡಿದ್ದರು. ಅಂದಮೇಲೆ ಕರೆಯ ದಾರಿಯಲ್ಲೇ ಎಲ್ಲೋ ಗಲತ್ತಾಗಿದೆ.

ಮತ್ತೆ ಅಯ್ಯಪ್ಪನಿಗೆ ಹಚ್ಚಿದಳು. "ಅಯ್ಯಪ್ಪ, ನನ್ನ ದಲ್ಲಾಳಿ ಹತ್ರ ಬೇಡ ಅಂತ ಒಂದೇ ಮಾತದ. ನಿನ್ನ ಕಡಿ ಆ ಮಾತು ಹುಟ್ಟಿದ್ದು ಹ್ಯಾಂಗ? ಎರಡು ಒತ್ಯಾರೇನು? ಅಸಲಿ ಉತ್ತರ ತೆಗದು ನೋಡು."

"ನೋಡಾಕತ್ತೇನಿ ಅಕ್ಕಾ, ಒಂದ್ ನಿಮಿಷ."

ಆ ಹೊತ್ತಿಗೆ ಇನ್ನೊಂದು ಫೋನು ಬಂತು. ಅಂಬ್ರಪ್ಪ ಮಾಸ್ತರ. ರೊಟ್ಟಿ ಆರುತ್ತಿದ್ದಿರಬೇಕು. ದೇವಕಮ್ಮ ಕಟ್ ಮಾಡಿದಳು.

"ಅಕ್ಕಾ, ಸಿಕ್ತು. ಯಾರೂ ಎರಡು ಒತ್ತಿಲ್ರಿ. ಒಂದೂ ಒತ್ತಿಲ್ಲ. ಎಲ್ಲಾರೂ ಕಟ್ ಮಾಡ್ಯಾರ."

ದೇವಕಮ್ಮ ಫೋನನ್ನು ಕಿವಿಯಿಂದ ಕೆಳಗಿಳಿಸಿದಳು.

"ಅಕ್ಕಾ? ಕಟ್ ಮಾಡಿದ್ರ ಬೇಡ ಅಂತ ತಿಳೀಬೇಕು ಅಂತ ಸೆಟ್ಟಿಂಗ್ ಅದ. ಎಲ್ಲಾ ಕಡಿ ಹಂಗೇ ಇಡ್ತೀವ್ರಿ. ಲೈನ್‌ದಾಗ ಅದೀರೇನ್ರಿ?"

ಅವಳು ತನ್ನ ಹೆಬ್ಬೆರಳನ್ನು ನೋಡುತ್ತಿದ್ದಳು. ಈಗಷ್ಟೇ ಗಂಡನ ಕರೆ ಕಟ್ ಮಾಡಿದ ಹೆಬ್ಬೆರಳು. ಮಾಸ್ತರ ರಿಂಗ್ ಕೊಟ್ಟರೆ ಊಟಕ್ಕೆ ಬಾ ಎಂದರ್ಥ. ಅವಳು ಕಟ್ ಮಾಡಿದರೆ ತಿಳೀತು ಎಂದರ್ಥ. ಒಂದು ಮಾತು ಆಡಬೇಕಿಲ್ಲ. ಮಾತಿಗೆ ರೊಕ್ಕ ಹತ್ತುತ್ತಿದ್ದ ಕಾಲದಲ್ಲಿ ಕಲಿತ ವಿದ್ಯೆ ಇದು, ರೊಕ್ಕ ಹತ್ತದ ಕಾಲದಲ್ಲೂ ಬಿಟ್ಟಿರಲಿಲ್ಲ. ಬಸ್ಸು ಹತ್ತಿದವರು ಒಂದು ರಿಂಗ್ ಕೊಡುತ್ತಾರೆ, ಮನೆಯವರು ಕಟ್ ಮಾಡುತ್ತಾರೆ. ಹಾಲಿನವ ರಿಂಗ್ ಕೊಡುತ್ತಾನೆ, ಚೊಂಬು ಹಿಡಿದು ಬರುವವಳು ಕಟ್ ಮಾಡುತ್ತಾಳೆ. ಶಹಾಪುರದಿಂದ ಸುರಪುರದವರೆಗೆ ಕಟ್ ಮಾಡುವುದೆಂದರೆ ಕೇಳಿಸಿತು, ಆಯಿತು ಎಂದೇ.

"ಅಯ್ಯಪ್ಪಾ!" ಅವಳ ದನಿಗೆ ಪಕ್ಕದ ಕೋಣೆಯವರು ಇಣುಕಿದರು. "ನಿಮ್ಮವ್ವಗ ನೀ ಊರು ಮುಟ್ಟಿದ ಮ್ಯಾಲ ಏನು ಮಾಡ್ತಿ?"

"ಒಂದ್ ರಿಂಗ್ ಕೊಡ್ತೀನ್ರಿ."

"ಆಕಿ ಏನು ಮಾಡ್ತಾಳ?"

"ಕಟ್..." ಅಯ್ಯಪ್ಪ ಅಲ್ಲೇ ನಿಂತ. ಆಮೇಲೆ ಗೊಳ್ಳನೆ ನಕ್ಕ. "ಅಯ್ಯ, ಅಕ್ಕಾ! ಎಲ್ಲಾರೂ ಆತು ಅಂದಾರ, ನಾವು ಬೇಡ ಅಂತ ಬರ್ಕೊಂಡೀವಿ!"

"ನಗಬ್ಯಾಡ. ಸೆಟ್ಟಿಂಗ್ ಬದಲಿ ಮಾಡು. ಕಟ್ ಅಂದ್ರ ಹೂಂ ಅಂತ ಹಾಕು. ಹೊತ್ತು ಇಳೀತದ."

"ಅಕ್ಕಾ, ತಡೀರಿ."

"ಏನು ತಡಿಯೋದು?"

"ಹಂಗ ಹಾಕಿದ್ರ ಇನ್ನೊಂದು ಗೋಳು ಆಗ್ತದ. ಒಬ್ಬಂದು ಒಡ್ಡು ಒಡದದ ಅಂತ ತಿಳ್ಕೋರಿ. ಕರೆ ಬಂತು ಅಂತ ಅವನೂ ಕಟ್ ಮಾಡ್ತಾನ. ನಿಮ್ಮ ಗೇಟ್ ಎದ್ದು ನೀರು ಹೋಗಿ ಅವನ ಮೆಣಸಿನಕಾಯಿ ತೇಲಿ ಹೋಗ್ತದ. ಕಟ್ ಅಂದ್ರ ಕೇಳಿಸ್ತು ಅಂತ, ಖರೆ. ಸಜ್ಜಾಗೇವಿ ಅಂತ ಅಲ್ಲಲ್ರಿ?"

ದೇವಕಮ್ಮನ ಬಾಯಿಗೆ ಬೈಗುಳ ಬಂದಿತ್ತು. ನುಂಗಿದಳು. ಅವನು ಹೇಳಿದ್ದು ಸರಿಯಾಗಿತ್ತು, ಸರಿಯಾದದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಕಿಟಕಿಯಾಚೆ ಬೇವಿನ ನೆರಳು ಗೋಡೆ ಬಿಟ್ಟು ಅಂಗಳಕ್ಕೆ ಉದ್ದವಾಗಿತ್ತು.

ಅಷ್ಟರಲ್ಲಿ ಮನ್ಸೂರಅಲಿಯ ಫೋನು. ಹಿಂದೆ ಜನರ ಗದ್ದಲ.

"ಅಕ್ಕಾರ, ಮಂದಿ ಹಾರಿ ತಂದಾರ. ನಾನು ಬೀಗಕ್ಕ ಬೆನ್ನು ಹಚ್ಚಿ ನಿಂತೀನಿ. ಜಲ್ದಿ ಏನಾರ ಮಾಡ್ರಿ, ಹಾರಿ ಬೀಗಕ್ಕ ಬೀಳೋದು ತಪ್ಪಿ ನನಗ ಬಿದ್ದೀತು."

"ತಿಮ್ಮವ್ವಗ ಕೊಡು ಫೋನ್."

ತಿಮ್ಮವ್ವನ ದನಿ ಫೋನಿನ ಅಗತ್ಯವಿಲ್ಲದಷ್ಟು ದೊಡ್ಡದಿತ್ತು. "ಏನೇ ದೇವ್ಕಿ! ಎಲ್ಲದಾ ನಿನ್ನ ನೀರು?"

"ಚಿಗವ್ವ, ಕಾಲುವಿ ನಂಬರಿಂದ ಫೋನ್ ಬಂದಾಗ ನೀ ಏನು ಮಾಡ್ದಿ?"

"ಏನು ಮಾಡ್ತಾರ? ತಿಳೀತು ಅಂತ ಕಟ್ ಮಾಡ್ದೆ. ಗುದ್ದಲಿ ತಗೊಂಡು ಬಂದು ಕಾಲುವಿ ಬಾಯಿ ಬಿಡಿಸ್ದೆ. ನೀನೂ ಎರಡು ಸಲ ರಿಂಗ್ ಕೊಟ್ಟಿ, ಅದಕ್ಕೂ ಕಟ್ ಮಾಡ್ದೆ. ದೇವ್ಕಿ ರಿಂಗ್ ಕೊಟ್ಟಾಳ, ನೀರು ಬಂತು ಅಂತ ಮಂದಿಗೆಲ್ಲಾ ಹೇಳ್ದೆ. ಈಗ ಮಂದಿ ನನ್ನ ಮಾರಿ ನೋಡಾಕತ್ತಾರ!"

"ಕರೆ ಎತ್ತಿ ಒಂದು ಒತ್ತಬೇಕಿತ್ತು ಚಿಗವ್ವ."

"ಕೈಯಾಗ ಗುದ್ದಲಿ ಹಿಡಕೊಂಡು ಒಂದು ಒತ್ತಲೋ ಎರಡು ಒತ್ತಲೋ? ಅದೇನು ಹಾರ್ಮೋನಿಯಮ್ಮೇನು, ಒತ್ಕೋತ ಕುಂದ್ರಾಕ? ನನಗ ಸಜ್ಜಾತು ಅಂದ್ರ ನಾನೇ ಒಂದು ರಿಂಗ್ ಕೊಡ್ತಿದ್ದೆ."

ದೇವಕಮ್ಮ ಕುರ್ಚಿಯಿಂದ ಎದ್ದೇ ಬಿಟ್ಟಳು. "ಇನ್ನೊಮ್ಮಿ ಹೇಳು?"

"ಸಜ್ಜಾದ ಮ್ಯಾಲ ನಾನೇ ರಿಂಗ್ ಕೊಡ್ತಿದ್ದೆ ಅಂದೆ. ಕಿವಿ ಹೋಗ್ಯಾವೇನೇ?"

"ಚಿಗವ್ವ, ಹಾರಿ ಕೆಳಗ ಇಡಿಸು. ಯಾರಾರ ಬೀಗ ಮುಟ್ಟಿದ್ರ ನಾನು ತವರಿಗಿ ಬರೋದಿಲ್ಲ ಅಂತ ಹೇಳು."

"ಬರದಿದ್ರ ಅವರಿಗೇ ಆರಾಮ," ಎಂದಳು ತಿಮ್ಮವ್ವ. ಆದರೂ ಹಿಂದಕ್ಕೆ ತಿರುಗಿ ಗದರಿದ್ದು, ಹಾರೆ ಕಲ್ಲಿನ ಮೇಲೆ ಠಣ್ಣನೆ ಬಿದ್ದದ್ದು ಸುರಪುರಕ್ಕೆ ಕೇಳಿಸಿತು.

ಅಯ್ಯಪ್ಪ ಇನ್ನೊಂದು ಲೈನಿನಲ್ಲಿ ಕಾದಿದ್ದ. ದೇವಕಮ್ಮ ಒಂದೇ ಉಸಿರಿಗೆ ಹೇಳಿದಳು. ಕಟ್ ಮಾಡಿದರೆ ಬೇಡ ಅಂತಲೂ ಅಲ್ಲ, ಹೂಂ ಅಂತಲೂ ಅಲ್ಲ, ಕೇಳಿಸಿತು ಅಂತ. ಹುಕುಮನ್ನು ಹಾಳುಬಾವಿಗೆ ಹಾಕದೆ ಕಾಯಿಸಿ ಇಡಬೇಕು. ಹೊಲಗಾಲುವೆ ಸಜ್ಜಾದ ಮೇಲೆ ತೂಬಿನವರು ಅದೇ ನಂಬರಿಗೆ ತಾವೇ ಒಂದು ಮಿಸ್ಡ್ ಕಾಲ್ ಕೊಡಲಿ. ಅದು ಹೂಂ. ಆಗ ಹುಕುಂ ಗೇಟಿಗೆ ಹೋಗಲಿ.

"ಮಿಸ್ಡ್ ಕಾಲ್ ಹಿಡಿಯೋ ಸೌಲಭ್ಯ ನಮ್ಮಲ್ಲಿ ಮೊದಲಿಂದ ಅದ್ರಿ ಅಕ್ಕಾ," ಅಯ್ಯಪ್ಪನ ಮೆತ್ತನೆಯ ದನಿಯೂ ಈಗ ಏರಿತ್ತು. "ನಿಮ್ಮ ದಲ್ಲಾಳಿ ಕಡಿ ಬರೋ ದಾರಿ ಮುಚ್ಚೇವಿ, ಅಷ್ಟೇ. ಯಾರೂ ಕೇಳಿರಲಿಲ್ಲ. ತೆರೀಲಾ?"

"ಕೇಳ್ಕೋತ ಕುಂದ್ರತೀಯಲ್ಲೋ, ತೆರಿ!"

ಅವನು ಅತ್ತ ದಾರಿ ತೆರೆದು, ಕಟ್ ಆದದ್ದನ್ನು ಬೇಡ ಎನ್ನದೆ ಕಟ್ ಎಂದೇ ಕಳಿಸುವಂತೆ ಮಾಡಿದ. ಅವಳು ಇತ್ತ ದಲ್ಲಾಳಿಯ ಸೆಟ್ಟಿಂಗಿನಲ್ಲಿ ಕಟ್ ಎಂದು ಬಂದರೆ ಕಾಯು ಎಂದು ಹಾಕಿದಳು, ಮಿಸ್ಡ್ ಕಾಲ್ ಬಂದರೆ ಹೂಂ ಎಂದು ಹೊಸದಾಗಿ ಬರೆದಳು. ಹೊಸ ಸೆಟ್ಟಿಂಗನ್ನು ದಲ್ಲಾಳಿಗೆ ಮತ್ತೆ ಓದಿಸಿದಳು. ಓದಿತು. ಹಾಳುಬಾವಿಯಲ್ಲಿದ್ದುದನ್ನೆಲ್ಲ ಎತ್ತು ಎಂಬ ಗುಂಡಿಯ ಮೇಲೆ ಬೆರಳಿಟ್ಟವಳು ತಟ್ಟನೆ ತೆಗೆದಳು. ಎಲ್ಲ ಹುಕುಮುಗಳೂ ಒಟ್ಟಿಗೆ ಎದ್ದರೆ ಪಾಳಿ ಮುಗಿದವರ ಗೇಟೂ ಏಳುತ್ತದೆ, ಉಪಕಾಲುವೆ ಬರಿದಾಗುತ್ತದೆ. ದೇವಾಪುರದ ಒಂದನ್ನೇ ಆರಿಸಿ ಎತ್ತಿ, ಕಾಯುವ ಸಾಲಿಗಿಟ್ಟಳು.

"ಚಿಗವ್ವ, ಕಾಲುವಿ ನಂಬರಿಗಿ ಒಂದು ರಿಂಗ್ ಕೊಡು."

ಕೊಟ್ಟಳು. ದೇವಕಮ್ಮ ಪರದೆಗೆ ಮೂಗು ತಾಗಿಸಿ ಕೂತಳು. ಮಿಸ್ಡ್ ಕಾಲ್ ಬಂತು. ದಲ್ಲಾಳಿ ಅದನ್ನು ಹಿಡಿಯಿತು. ಹಿಡಿದು, ಈ ನಂಬರು ಯಾರದೆಂದು ಗೊತ್ತಿಲ್ಲ ಎಂದು ಹೇಳಿ ಬಿಸಾಕಿತು.

"ತಿಮ್ಮವ್ವ ಗೊತ್ತಿಲ್ಲೇನೋ ನಿನಗ?" ದೇವಕಮ್ಮ ಮೇಜಿಗೆ ಗುದ್ದಿದಳು. "ಇಡೀ ಕಾಲುವಿಗಿ ಗೊತ್ತು ಆಕಿ! ಕೋಟಿಗಟ್ಟಲೆ ಸುರಿದು ನಿನ್ನ ತಂದೀವಿ, ನಿನಗ ತಿಮ್ಮವ್ವ ಗೊತ್ತಿಲ್ಲ!"

ಬಿಸಿಲು ಕೆಂಪಾಗುತ್ತಿತ್ತು. ಗೂಟ ಅಲ್ಲಾಡಿದೆ, ಇನ್ನೊಂದು ಜಗ್ಗಿಗೆ ಕಿತ್ತುಬರುತ್ತದೆ ಎಂಬಂಥ ಉಮೇದು ಅವಳಿಗೆ. ಬಂದ ನಂಬರನ್ನೂ ಒಕ್ಕೂಟದಲ್ಲಿದ್ದ ತಿಮ್ಮವ್ವನ ನಂಬರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದಳು. ಒಂದೇ ನಂಬರು. ಆದರೆ ಫೋನ್ ಕಂಪನಿ ಅದರ ಮುಂದೆ ದೇಶದ ಗುರುತಿನ ತೊಂಬತ್ತೊಂದನ್ನು ಅಂಟಿಸಿ ಕಳಿಸಿತ್ತು. ರುಮಾಲು ಸುತ್ತಿಕೊಂಡು ಬಂದ ಮನೆಯವನನ್ನು ನಾಯಿ ಬೊಗಳಿ ಓಡಿಸಿದ ಹಾಗಾಗಿತ್ತು.

"ಅಯ್ಯಪ್ಪ, ತೊಂಬತ್ತೊಂದು!"

"ನನಗೂ ಈಗ ಕಂಡ್ತು ಅಕ್ಕಾ! ನಮ್ಮ ಕಡಿ ತೆಗಿಯಾಕ ಮ್ಯಾಲಿನವರ ಒಪ್ಪಿಗಿ ಬೇಕು, ಹೊತ್ತಾಗ್ತದ. ನಿಮ್ಮ ಕಡೀನೇ ಕೊನೀ ಹತ್ತು ಅಂಕಿ ಅಷ್ಟೇ ನೋಡು ಅಂತ ಹೇಳ್ರಿ."

ಹೇಳಿದಳು. ಮತ್ತೆ ಓದಿಸಿದಳು. ಕಾಯುವ ಸಾಲಿನಲ್ಲಿ ದೇವಾಪುರದ ಹುಕುಂ ಹಾಗೇ ಇದೆಯೇ ಎಂದು ನೋಡಿದಳು. ಇತ್ತು.

"ಚಿಗವ್ವ, ಇನ್ನೊಂದು ರಿಂಗ್."

"ಎಷ್ಟು ಕೊಡ್ಲೇ? ನಿನ್ನ ಯಂತ್ರಕ್ಕ ಒಂದು ಸಲ ಹೇಳಿದ್ರ ತಿಳಿಯಂಗಿಲ್ಲೇನು? ನಿನ್ನಂಗೇ ಅದ."

ರಿಂಗ್ ಹೋಯಿತು. ಪರದೆಯಲ್ಲಿ ಒಂದು ಸಾಲು ಮೂಡಿತು: ಮಿಸ್ಡ್ ಕಾಲ್ ಬಂದಿದೆ. ಅದರ ಕೆಳಗೆ ಇನ್ನೊಂದು: ತಿಮ್ಮವ್ವ, ದೇವಾಪುರ ಕೊನೆಯ ತೂಬು. ಅದರ ಕೆಳಗೆ: ಸಜ್ಜು. ನಾಲ್ಕನೆಯ ಸಾಲು: ಹುಕುಂ ಗೇಟಿಗೆ ಹೋಗಿದೆ.

ಫೋನಿನಲ್ಲಿ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮೋಟಾರಿನ ಗುರ್ ಎಂಬ ಸದ್ದು. ಆಮೇಲೆ ಮನ್ಸೂರಅಲಿ ಕಿರುಚಿದ: "ಎದ್ದದ! ಅಕ್ಕಾರ, ಎದ್ದದ! ಸರಕೊಳ್ರೋ, ಹುಡುಗ್ರನ್ನ ಹಿಂದಕ್ಕ ಎಳೀರೋ!" ಮುಂದಿನದು ಅವನ ಮಾತಲ್ಲ, ನೀರಿನದು. ಗೇಟಿನ ಅಡಿಯಿಂದ ನುಗ್ಗಿದ ನೀರಿನ ಭೋರ್ ಸದ್ದಿನಲ್ಲಿ ಜನರ ಸಿಳ್ಳೆ, ಕೂಗು ಎಲ್ಲ ಮುಳುಗಿಹೋಯಿತು. ಹೈದರಾಬಾದಿನ ಲೈನಿನಲ್ಲಿ ಅಯ್ಯಪ್ಪನೂ ಸಿಳ್ಳೆ ಹೊಡೆದ. ದೇವಕಮ್ಮ ಪರದೆಯ ತಲೆಗೆ ಮೊಟಕಿ, "ಇಷ್ಟಕ್ಕ ಇಷ್ಟೊತ್ತೇನೋ?" ಎಂದಳು. ಕಣ್ಣಲ್ಲಿ ನೀರು ಬಂದದ್ದನ್ನು ಸೆರಗಿನಿಂದ ಒರೆಸಿ, ಪಕ್ಕದ ಕೋಣೆಯಿಂದ ಇಣುಕಿದವರಿಗೆ ಧೂಳು ಎಂದು ಗದರಿದಳು.

ಗೇಟಿಗೆ ನೀರು ಬಂದರಾಗಲಿಲ್ಲ, ಕೊನೆಯ ಹೊಲ ಮುಟ್ಟಬೇಕು. ಅಲ್ಲಿಗೆ ಹೊಲಗಾಲುವೆ ಉದ್ದ, ಒಣಗಿದ ಮಣ್ಣು ಮೊದಲು ತಾನು ಕುಡಿದು ಆಮೇಲೆ ಮುಂದಕ್ಕೆ ಬಿಡುತ್ತದೆ. ಅಷ್ಟರಲ್ಲಿ ದೇವಕಮ್ಮ ಟೇಲೆಂಡಿನ ಉಳಿದ ಹುಕುಮುಗಳನ್ನು ಹಾಳುಬಾವಿಯಿಂದ ಒಂದೊಂದಾಗಿ ಹೊರತೆಗೆದು, ಮರಿಲಿಂಗಪ್ಪನಿಗೆ ಹೇಳಿ ಅವುಗಳ ಪಾಳಿ ಮುಂದಕ್ಕೆ ಹಾಕಿಸಿದಳು. "ನಮ್ಮ ಕಡಿ ಬರಾಬರ್ ಇತ್ತು ಅಂದಿದ್ದಿಲ್ಲೇನ್ರಿ?" ಎಂದ ಅವನು. "ಹೌದ್ರಿ ಸಾಹೇಬ್ರ, ನಿಮ್ಮ ಕಡಿ ಇವತ್ತ ಖರೇನೇ ಬರಾಬರ್ ಇತ್ತು," ಎಂದಳು.

ಬಿಸಿಲು ಸುರಪುರದ ಗುಡ್ಡದ ಬಂಡೆಗಳ ತುದಿಗೆ ಏರಿ ಕೂತಿತ್ತು. ಇನ್ನು ತಡೆಯಲಾಗಲಿಲ್ಲ. ನೀರು ಕೊನೆಯ ಹೊಲಕ್ಕೆ ಮುಟ್ಟಿತೋ ಇಲ್ಲವೋ, ಮೆಣಸಿನ ಗಿಡದ ಬುಡ ನೆನೆಯಿತೋ ಇಲ್ಲವೋ? ತಿಮ್ಮವ್ವನ ನಂಬರು ಒತ್ತಿ ಕಿವಿಗೆ ಹಿಡಿದಳು.

ಒಂದು ರಿಂಗ್ ಆಯಿತು.

ತಿಮ್ಮವ್ವ ಕಟ್ ಮಾಡಿದಳು.

ದೇವಕಮ್ಮ ಒಬ್ಬಳೇ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಕನ್ನಡಕ ತೆಗೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಗಂಡನಿಗೆ ಒಂದು ರಿಂಗ್ ಕೊಟ್ಟು ಮನೆಗೆ ಹೊರಟಳು.